ನದಿ ಮೇಲಿನ ಐಸ್ ಒಡೆಯೋಕೆ ಹಡಗು ಯಾಕೆ? ಅದೂ ಸಮುದ್ರದ ಕಡೆಯಿಂದ ಯಾಕೆ?

ಗೌರಿಬಿದನೂರು ಟೀಚರ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಗೌರಿಬಿದನೂರು ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ವಿಡಿಯೋ ನೋಡಿ ಬಂದಿದ್ದಾಳೆ. ಪೋಲೆಂಡ್‌ನ ಒಂದು ನದಿ, ಮೇಲೆಲ್ಲ ಬಿಳಿ ಮಂಜುಗಡ್ಡೆ. ಗಿಡ್ಡನೆಯ ನಾಲ್ಕೈದು ಹಡಗುಗಳು ಬಂದು ಅದನ್ನು ಒಡೆಯುತ್ತಾ ಹೋಗುತ್ತವೆ. ಪ್ರವಾಹ ತಡೆಯೋಕೆ ಹೀಗೆ ಮಾಡುತ್ತಾರೆ ಅಂತ ಕೆಳಗೆ ಬರೆದಿತ್ತಂತೆ.

ಅವಳು ಮೂರು ಪ್ರಶ್ನೆ ಕೇಳಿದಳು. ಐಸ್ ಹೇಗೂ ಬಿಸಿಲಿಗೆ ಕರಗುತ್ತಲ್ಲ ಮಿಸ್, ಯಾಕೆ ಒಡೀಬೇಕು? ಒಡೆದರೆ ನೀರೆಲ್ಲ ಒಟ್ಟಿಗೆ ನುಗ್ಗಿ ಪ್ರವಾಹ ಜಾಸ್ತಿ ಆಗಲ್ವಾ? ಆ ಹಡಗುಗಳು ಸಮುದ್ರದ ಕಡೆಯಿಂದ ಹೊರಟು ನದಿಯ ಮೇಲಕ್ಕೆ ಯಾಕೆ ಹೋಗುತ್ತವೆ?

ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಮಕ್ಕಳು ಉತ್ತರ ಪಿನಾಕಿನಿಯನ್ನು ಹೆಚ್ಚಾಗಿ ಮರಳು, ಜಾಲಿ ಇರೋ ಜಾಗ ಅಂತಲೇ ನೋಡಿ ಬೆಳೆದವರು. 2021ರ ನವೆಂಬರ್ ಮಳೆಯಲ್ಲಿ ಅದು ತುಂಬಿ ಹರಿದಾಗ ಮೊದಲ ಸಲ ನದಿ ಅಂದರೇನು ಅಂತ ಕಂಡರು. ಹಾಗಾಗಿ ಪ್ರವಾಹ ಅಂದರೆ ಅವರಿಗೆ ಕುತೂಹಲ ಇದೆ. ಸುಮ್ನೆ ಏನೋ ಒಂದು ಹೇಳಿ ಕೂರಿಸೋಕೆ ನನಗೆ ಇಷ್ಟವಿಲ್ಲ. ಗೊತ್ತಿರುವವರು ಬಿಡಿಸಿ ಹೇಳಿ.

ಬಂಗಾರಪೇಟೆ ಸೈಲರ್:

ನಾನು ಮರ್ಚೆಂಟ್ ನೇವಿಯಲ್ಲಿ ಎಂಜಿನ್ ರೂಮಿನಲ್ಲಿ ಕೆಲಸ ಮಾಡುವವನು. ಹಡಗಿನ ವಿಷಯ ಮಾತ್ರ ಹೇಳುತ್ತೇನೆ. ನದಿಯ ಲೆಕ್ಕ ಗೊತ್ತಿರುವವರು ಉಳಿದದ್ದು ಹೇಳಲಿ.

ಹಡಗಿನ ಮೂತಿ ಚೂಪಾಗಿದ್ದು ಐಸನ್ನು ಸೀಳಿಕೊಂಡು ಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಐಸ್‌ಬ್ರೇಕರ್ ಹಡಗಿನ ಮೂತಿ ಅಗಲವಾಗಿ, ಕೆಳಗೆ ಓರೆಯಾಗಿರುತ್ತದೆ. ಎಂಜಿನ್ ನೂಕಿದಾಗ ಆ ಓರೆ ಭಾಗ ಐಸಿನ ಮೇಲೆ ಹತ್ತುತ್ತದೆ. ಆಮೇಲೆ ಹಡಗಿನ ಭಾರಕ್ಕೆ ಐಸ್ ಬಗ್ಗಿ ಮುರಿಯುತ್ತದೆ. ಐಸನ್ನು ಪಕ್ಕದಿಂದ ಒತ್ತಿದರೆ ಚೆನ್ನಾಗಿ ತಡೆದುಕೊಳ್ಳುತ್ತದೆ, ಬಗ್ಗಿಸಿದರೆ ತಡೆಯಲ್ಲ. ಇಡೀ ಕೆಲಸ ನಡೆಯೋದು ಆ ಒಂದು ಗುಣದಿಂದ.

ಒಮ್ಮೆ ಚಳಿಗಾಲದಲ್ಲಿ ಫಿನ್ಲೆಂಡ್‌ನ ಕೆಮಿ ಬಂದರಿಗೆ ನಮ್ಮ ಹಡಗು ಐಸ್‌ಬ್ರೇಕರ್ ಹಿಂದೆ ಹೋಗಿತ್ತು. ಎಂಜಿನ್ ತಂಪು ಮಾಡೋಕೆ ಹೊರಗಿನ ನೀರನ್ನೇ ಒಳಗೆ ಎಳೆದುಕೊಳ್ಳಬೇಕಲ್ಲ. ಆ ನೀರಿನ ಜೊತೆ ಐಸಿನ ಪುಡಿ ಬಂದು ಜಾಲರಿಗೆ ಕಟ್ಟಿಕೊಳ್ಳುತ್ತದೆ. ಸುತ್ತ ಕೊರೆಯುವ ಚಳಿ, ಒಳಗೆ ಎಂಜಿನ್ ಬಿಸಿಯಾಗಿ ನಿಲ್ಲೋ ಭಯ. ಅದಕ್ಕೇ ಎಂಜಿನ್‌ನಿಂದ ಹೊರಬಂದ ಬಿಸಿ ನೀರನ್ನು ಮತ್ತೆ ಆ ಜಾಲರಿಯ ಕಡೆಗೇ ತಿರುಗಿಸುತ್ತಾರೆ. ನದಿಯ ಐಸ್‌ಬ್ರೇಕರ್‌ಗಳಿಗೂ ಈ ತೊಂದರೆ ಇದ್ದೇ ಇದೆ.

ಸಮುದ್ರದ ದೊಡ್ಡ ಐಸ್‌ಬ್ರೇಕರ್‌ಗಳನ್ನು ನದಿಗೆ ತರೋಕೆ ಆಗಲ್ಲ. ಅವುಗಳ ತಳ ನೀರಿನೊಳಗೆ ಎಂಟು ಮೀಟರ್ ಹತ್ತಿರ ಇಳಿದಿರುತ್ತದೆ. ನದಿಯಲ್ಲಿ ಮರಳಿಗೆ ತಾಗಿ ಕೂತುಬಿಡುತ್ತದೆ. ಸೇತುವೆಗಳ ಕೆಳಗೂ ನುಗ್ಗಬೇಕಲ್ಲ. ಅದಕ್ಕೇ ವಿಡಿಯೋದಲ್ಲಿ ಅವು ಗಿಡ್ಡ ಕಂಡದ್ದು. ಅಮೆರಿಕದ ಮೇನ್ ರಾಜ್ಯದ ಕೆನೆಬೆಕ್ ನದಿಯಲ್ಲಿ ಅಲ್ಲಿನ ಕೋಸ್ಟ್ ಗಾರ್ಡ್ 65 ಅಡಿಯ ಚಿಕ್ಕ ಟಗ್‌ಗಳನ್ನು (ಬೇರೆ ಹಡಗು ಎಳೆಯೋಕೆ ಬಳಸುವ ಗಟ್ಟಿ ದೋಣಿ) ಬಳಸುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಇನ್ನೂ ಕಡಿಮೆ ಆಳದ ಜಾಗಕ್ಕೆ ಹೋವರ್‌ಕ್ರಾಫ್ಟ್, ಅಂದರೆ ಕೆಳಕ್ಕೆ ಗಾಳಿ ಊದಿ ಅದರ ಮೇಲೆ ತೇಲುವ ವಾಹನ, ಬಿಡುತ್ತಾರೆ. ಅದರ ಕೆಳಗಿನ ಗಾಳಿ ಐಸಿನ ಅಡಿಗೆ ನುಗ್ಗಿ ನೀರನ್ನು ಆಚೆ ತಳ್ಳುತ್ತದೆ. ಆಧಾರ ತಪ್ಪಿದ ಐಸ್ ತನ್ನ ಭಾರಕ್ಕೆ ತಾನೇ ಮುರಿದು ಬೀಳುತ್ತದೆ.

ಮಧುಗಿರಿ ಇಂಜಿನಿಯರ್:

ಟೀಚರ್, ನಿಮ್ಮ ಹುಡುಗಿಯ ಮೂರನೇ ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೆ ಉತ್ತರ ಸಿಕ್ಕರೆ ಮೊದಲ ಎರಡಕ್ಕೂ ಸಿಕ್ಕಂತೆ. ಅವಳಿಗೆ ನನ್ನ ಶಹಬ್ಬಾಸ್ ಹೇಳಿ.

ನಾನು ಸಣ್ಣ ನೀರಾವರಿ ಕೆಲಸದಲ್ಲೇ ಸರ್ವಿಸ್ ಮುಗಿಸಿದವನು. ಕೋಡಿ, ತೂಬು, ಕಾಲುವೆ ಇವುಗಳ ಜೊತೆಯಲ್ಲೇ ಬದುಕು ಕಳೆಯಿತು. ಐಸ್ ಕಂಡದ್ದು ನಿವೃತ್ತಿ ಆದ ಮೇಲೆ. ಮಗಳು ಕೆನಡಾದ ವಿನ್ನಿಪೆಗ್‌ನಲ್ಲಿದ್ದಾಳೆ. ಒಂದು ಫೆಬ್ರವರಿ ಕೊನೆಯಲ್ಲಿ ಅಲ್ಲಿದ್ದಾಗ ಅಳಿಯ ನನ್ನನ್ನು ಸೆಲ್ಕರ್ಕ್ ಅನ್ನೋ ಊರಿಗೆ ಕರೆದುಕೊಂಡು ಹೋದ. ಅಲ್ಲಿ ರೆಡ್ ರಿವರ್ ಮೇಲೆ ಐಸ್ ಒಡೆಯೋ ಕೆಲಸ ನಡೀತಿತ್ತು. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಸಿಕ್ಕಿದ್ದೆಲ್ಲ ಓದುತ್ತಾ ಬಂದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಕರಗೋ ವಿಷಯ. ಬಿಸಿಲು ನಿಧಾನಕ್ಕೆ ಏರಿದರೆ ಅವಳು ಹೇಳಿದ್ದೇ ಸರಿ. ಐಸ್ ಇದ್ದಲ್ಲೇ ಮೆತ್ತಗಾಗಿ, ಒಳಗೆಲ್ಲ ಟೊಳ್ಳಾಗಿ, ಸದ್ದಿಲ್ಲದೆ ಕರಗಿ ಹೋಗುತ್ತದೆ. ಯಾರಿಗೂ ತೊಂದರೆ ಇಲ್ಲ. ಆದರೆ ಕೆಲವು ವರ್ಷ ಒಮ್ಮೆಲೇ ಸೆಕೆ ಬರುತ್ತದೆ, ಮೇಲಿಂದ ಮಳೆಯೂ ಬೀಳುತ್ತದೆ. ಗದ್ದೆ ಬಯಲಿನ ಹಿಮವೆಲ್ಲ ನೀರಾಗಿ ನದಿಗೆ ಇಳಿಯುತ್ತದೆ. ಆಗ ನದಿ ಮೇಲಿನ ಐಸ್ ಇನ್ನೂ ಗಟ್ಟಿಯಾಗೇ ಇರುತ್ತದೆ. ಕೆಳಗೆ ಏರಿದ ನೀರು ಅದನ್ನು ಎತ್ತಿ ಮುರಿಯುತ್ತದೆ. ಮುರಿದ ತುಂಡುಗಳು ತೇಲಿಕೊಂಡು ಹೊರಡುತ್ತವೆ.

ಒಂದು ತುಂಡು ಎಷ್ಟು ಭಾರ ಅಂತ ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಿ. ಒಂದು ಘನ ಮೀಟರ್ ಐಸ್ ಸುಮಾರು 917 ಕಿಲೋ ತೂಗುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, 70 ಸೆಂಟಿಮೀಟರ್ ದಪ್ಪದ ಒಂದು ಹಲಗೆ ಅಂದರೆ 70 ಘನ ಮೀಟರ್. ಅಲ್ಲಿಗೆ 64 ಟನ್ ಆಯಿತು. ಅಂಥವು ಸಾವಿರಗಟ್ಟಲೆ ಬರುತ್ತವೆ. ನದಿ ತಿರುವು ತೆಗೆದುಕೊಳ್ಳುವ ಕಡೆ, ಸೇತುವೆ ಕಂಬದ ಹತ್ತಿರ, ನಡುಗಡ್ಡೆ ಇರುವಲ್ಲಿ, ಇಳಿಜಾರು ಕಡಿಮೆಯಾಗಿ ನೀರು ನಿಧಾನವಾಗುವಲ್ಲಿ ಮೊದಲ ತುಂಡು ನಿಲ್ಲುತ್ತದೆ. ಹಿಂದಿನದು ಅದರ ಮೇಲೆ ಹತ್ತುತ್ತದೆ, ಇಲ್ಲ ಅಡಿಗೆ ನುಗ್ಗುತ್ತದೆ. ನೋಡ್ತಾ ನೋಡ್ತಾ ಅಲ್ಲೊಂದು ಅಣೆಕಟ್ಟು. ಇದಕ್ಕೇ ಐಸ್ ಜಾಮ್ ಅನ್ನುತ್ತಾರೆ. ಕೆಲವೇ ಗಂಟೆಗಳಲ್ಲಿ ಹಿಂದಿನ ನೀರು ಹಲವು ಮೀಟರ್ ಏರಬಹುದು. ಅದೇ ನೀರು ಐಸ್ ಇಲ್ಲದ ದಿನ ಬಂದಿದ್ದರೆ ದಡದೊಳಗೇ ಹರಿದು ಹೋಗುತ್ತಿತ್ತು. ಇದನ್ನು ಮಕ್ಕಳಿಗೆ ಒತ್ತಿ ಹೇಳಿ. ಇಲ್ಲಿ ಊರು ಮುಳುಗೋದು ದಾರಿ ಕಟ್ಟಿದ್ದಕ್ಕೆ.

ಈಗ ಆ ಪೋಲೆಂಡ್ ನದಿಗೆ ಬರೋಣ. ಅಲ್ಲಿನ ದೊಡ್ಡ ನದಿಗಳು ವಿಸ್ತುಲಾ ಮತ್ತು ಓಡರ್. ಎರಡೂ ದಕ್ಷಿಣದಿಂದ ಉತ್ತರಕ್ಕೆ ಹರಿದು ಬಾಲ್ಟಿಕ್ ಸಮುದ್ರ ಸೇರುತ್ತವೆ. ರೆಡ್ ರಿವರ್ ಕೂಡ ಉತ್ತರಕ್ಕೇ ಹರಿಯುತ್ತದೆ. ಸೈಬೀರಿಯಾದ ಲೆನಾ ನದಿಯೂ ಹಾಗೇ. ದಕ್ಷಿಣದಲ್ಲಿ ಬೇಸಿಗೆ ಮೊದಲು ಬರುತ್ತದೆ. ಅಲ್ಲಿ ಐಸ್ ಮುರಿದು ಹೊರಡುವಾಗ ಉತ್ತರದ ತುದಿ ಇನ್ನೂ ಕಲ್ಲಿನಷ್ಟು ಗಟ್ಟಿ. ಬಂದವು ಹೋಗೋದೆಲ್ಲಿಗೆ? ನಮ್ಮ ಜಯಮಂಗಲಿಯೂ ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರಕ್ಕೇ ಹೋಗಿ ಪಿನಾಕಿನಿ ಸೇರುತ್ತದೆ. ಮಕ್ಕಳಿಗೆ ಮ್ಯಾಪಿನಲ್ಲಿ ತೋರಿಸಿ. ಇಲ್ಲಿ ನದಿ ಯಾವ ದಿಕ್ಕಿಗೆ ಹರಿದರೂ ಇಂಥ ಫಜೀತಿ ಇಲ್ಲ. ಅಲ್ಲಿ ದಿಕ್ಕೇ ಊರಿನ ಹಣೆಬರಹ ಬರೆಯುತ್ತದೆ.

ಹಾಗಾಗಿ ಕೆಳಗಿನಿಂದ ಶುರು. ಸಮುದ್ರದ ಬಾಯಿಯ ಐಸನ್ನು ಮೊದಲು ಒಡೆದರೆ ಅದು ಸಮುದ್ರಕ್ಕೆ ಹೋಗುತ್ತದೆ. ತೆರೆದ ನೀರು ಸಿಕ್ಕಿತು. ಆಮೇಲೆ ಅದರ ಮೇಲಿನ ಒಂದು ತುಂಡು ಒಡೆದರೆ ಅದಕ್ಕೂ ದಾರಿ ಇದೆ. ಹೀಗೇ ಮೇಲಕ್ಕೆ ಹೋಗಬೇಕು. ಮುಂದಿನ ಬಲವಾದ ಹಡಗುಗಳು ಐಸ್ ಒಡೆಯುತ್ತವೆ. ಹಿಂದಿನ ಚಿಕ್ಕವು ಒಡೆದ ತುಂಡುಗಳನ್ನು ನಿಲ್ಲೋಕೆ ಬಿಡದೆ ಕೆಳಕ್ಕೆ ಸಾಗಿಸುತ್ತಿರುತ್ತವೆ. ರಾತ್ರಿ ಚಳಿ ಬಿದ್ದರೆ ನಿಂತ ತುಂಡುಗಳು ಮತ್ತೆ ಅಂಟಿಕೊಳ್ಳುತ್ತವೆ. ಗಾಳಿಯನ್ನೂ ನೋಡುತ್ತಾರೆ. ಸಮುದ್ರದ ಕಡೆಯಿಂದ ಗಾಳಿ ಬೀಸಿದರೆ ಐಸ್ ಹೊರಗೆ ಹೋಗೋದೇ ಇಲ್ಲ. ಓಡರ್ ನದಿಯಲ್ಲಿ ಶ್ಟೆಟ್ಸಿನ್ ಊರಿನ ಪಕ್ಕ ಡಾಂಬ್ಯೆ ಅನ್ನೋ ಸರೋವರ ಇದೆ. ಮೇಲಿಂದ ಬರುವ ಐಸಿಗೆ ಅಲ್ಲಿ ಜಾಗ ಮಾಡಿಟ್ಟುಕೊಂಡ ಮೇಲೇ ಹಡಗುಗಳು ನದಿಗೆ ಏರೋದು. ಆ ನದಿ ಜರ್ಮನಿಗೂ ಗಡಿ. ಎರಡೂ ದೇಶದ ಹಡಗುಗಳು ಒಟ್ಟಿಗೆ ಕೆಲಸ ಮಾಡುತ್ತವೆ. 2015ರಲ್ಲಿ ಆ ಗಡಿ ನದಿಯ ಬಗ್ಗೆ ಒಪ್ಪಂದವನ್ನೂ ಮಾಡಿಕೊಂಡರು.

ಮೇಲಿನಿಂದ ಶುರು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ನಾವು ದೂರ ಹೋಗಬೇಕಿಲ್ಲ. ಅದೇ 2021ರ ನವೆಂಬರ್. ವರ್ಷಗಟ್ಟಲೆ ಒಣಗಿದ್ದ ಕೆರೆಗಳೆಲ್ಲ ಕೋಡಿ ಬಿದ್ದವು. ನಮ್ಮ ಕಡೆ ಒಂದು ಕೆರೆಯ ಕಾಲುವೆಯಲ್ಲಿ ಜೊಂಡು, ಜಾಲಿ, ಅಂತರಗಂಗೆ ತುಂಬಿತ್ತು. ಕೆಲಸಕ್ಕೆ ಬಂದವರು ಕೋಡಿಯ ಹತ್ತಿರದಿಂದ ಜೆಸಿಬಿಯಲ್ಲಿ ಕಿತ್ತು ಕಿತ್ತು ನೀರಿಗೇ ಬಿಟ್ಟರು. ಅದಷ್ಟೂ ತೇಲಿ ಹೋಗಿ ರಸ್ತೆ ಕೆಳಗಿನ ಮೋರಿಗೆ ಕಟ್ಟಿಕೊಂಡಿತು. ಮೋರಿ ಆಚೆ ಕಾಲುವೆ ಖಾಲಿ, ಈಚೆ ಮನೆಗಳಿಗೆ ಮೊಣಕಾಲುದ್ದ ನೀರು. ರಾಗಿ ಮೂಟೆಗಳನ್ನು ಜನ ಅಟ್ಟಕ್ಕೆ ಏರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲು ಮೋರಿ ಬಿಡಿಸಿ ಆಮೇಲೆ ಮೇಲಕ್ಕೆ ಬಂದಿದ್ದರೆ ಒಂದು ಮನೆಗೂ ನೀರು ನುಗ್ಗುತ್ತಿರಲಿಲ್ಲ. ಜೊಂಡಿಗೂ ಐಸಿಗೂ ಈ ಲೆಕ್ಕ ಒಂದೇ.

ಇದೇ ಅವಳ ಎರಡನೇ ಪ್ರಶ್ನೆಗೂ ಉತ್ತರ. ಹೌದು, ತಪ್ಪು ತುದಿಯಿಂದ ಒಡೆದರೆ ಪ್ರವಾಹವನ್ನು ನಾವೇ ಕರೆದಂತೆ. ಜಾಮ್ ಕಟ್ಟಿ ಹಿಂದೆ ನೀರು ತುಂಬಿದ ಮೇಲೆ ಒಡೆದರೂ ಆ ನೀರೆಲ್ಲ ಒಂದೇ ಸಲ ಕೆಳಗಿನ ಊರಿಗೆ ನುಗ್ಗುತ್ತದೆ. ಆದ್ದರಿಂದ ಜಾಮ್ ಕಟ್ಟುವ ಮೊದಲೇ, ಕೆಳಗಿನಿಂದ, ಸ್ವಲ್ಪ ಸ್ವಲ್ಪವಾಗಿ.

ಸೆಲ್ಕರ್ಕ್‌ನಲ್ಲಿ ಕಂಡದ್ದು ಸ್ವಲ್ಪ ಬೇರೆ. ಅಲ್ಲಿ ನದಿ ಸೇರೋದು ವಿನ್ನಿಪೆಗ್ ಸರೋವರಕ್ಕೆ. ಆ ಸರೋವರ ಮೇ ತಿಂಗಳವರೆಗೂ ಗಟ್ಟಿಯಾಗಿರುತ್ತದೆ. ಒಡೆದ ಐಸನ್ನು ಕಳಿಸೋಕೆ ತೆರೆದ ನೀರೇ ಇಲ್ಲ. ಅದಕ್ಕೆ ಅವರು ಐಸಿನ ಬಲ ಕುಂದಿಸುತ್ತಾರೆ. ಮೊದಲು ಗರಗಸದ ಯಂತ್ರ ಬಂದು ಐಸಿನಲ್ಲಿ ಉದ್ದುದ್ದ ಸೀಳು ಹಾಕುತ್ತದೆ. ಹಿಂದೆ ಆಂಫಿಬೆಕ್ಸ್ ಅನ್ನೋ ಯಂತ್ರ ಬರುತ್ತದೆ. ಕ್ವಿಬೆಕ್‌ನಲ್ಲಿ ತಯಾರಾಗುವ ಅದು ಅರ್ಧ ದೋಣಿ, ಅರ್ಧ ಹಿಟಾಚಿ. ಇಪ್ಪತ್ತು ಟನ್‌ಗಿಂತ ಜಾಸ್ತಿ ತೂಕ. ತನ್ನ ಉದ್ದನೆಯ ಕೈಯನ್ನು ಐಸಿಗೆ ಊರಿ, ಮೈಯನ್ನು ಮೇಲೆಳೆದುಕೊಂಡು ಐಸಿನ ಮೇಲೆ ಕೂರುತ್ತದೆ. ಒಂದು ಕ್ಷಣ ಏನೂ ಆಗಲ್ಲ. ಆಮೇಲೆ ಧಡಾರ್ ಅಂತ ಐಸ್ ಕುಸಿದು ಯಂತ್ರ ನೀರಿಗೆ ಇಳಿಯುತ್ತದೆ. ಮತ್ತೆ ಕೈ ಊರುತ್ತದೆ. ದಡದಲ್ಲಿ ನಿಂತಿದ್ದ ನನ್ನ ಕಾಲಿಗೇ ಆ ಅದುರು ತಿಳಿಯುತ್ತಿತ್ತು. ಒಡೆದ ತುಂಡುಗಳು ಅಲ್ಲೇ ಮತ್ತೆ ಹೆಪ್ಪುಗಟ್ಟುತ್ತವೆ, ಆದರೆ ಮೊದಲಿನ ಗಟ್ಟಿತನ ಬರಲ್ಲ. ನೀರು ಏರಿದಾಗ ಒಂದೇ ದೊಡ್ಡ ಹಲಗೆಯಾಗಿ ತಡೆಯದೆ ಪುಡಿಪುಡಿಯಾಗಿ ಜಾಗ ಬಿಡುತ್ತವೆ.

ಅದೇ ನದಿಯ ಮೇಲೆ ಜನ ಚಳಿಗಾಲವಿಡೀ ಚಿಕ್ಕ ಗುಡಿಸಲು ಇಟ್ಟುಕೊಂಡು, ಐಸಿಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ಯಂತ್ರ ಬರುವ ಮೊದಲು ಇಂಥ ದಿನದೊಳಗೆ ಗುಡಿಸಲು ತೆಗೀರಿ ಅಂತ ಸೂಚನೆ ಬರುತ್ತದೆ, ಜನ ತೆಗೆಯುತ್ತಾರೆ. ಅದು ನನಗೆ ತುಂಬಾ ಹಿಡಿಸಿತು. ಇಷ್ಟೆಲ್ಲ ಮಾಡಿದರೂ ಪ್ರತಿ ವರ್ಷ ಗೆಲುವು ಅಂತಿಲ್ಲ. 2009ರಲ್ಲಿ ಸೆಲ್ಕರ್ಕ್ ಉತ್ತರಕ್ಕಿರುವ ಬ್ರೀಝಿ ಪಾಯಿಂಟ್ ಅನ್ನೋ ಜಾಗಕ್ಕೆ ಐಸ್ ಜಾಮ್‌ನಿಂದ ನೀರು ನುಗ್ಗಿ ಮನೆಗಳು ಹಾಳಾದವು.

ಹಡಗು ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಅನ್ನೋದಕ್ಕೆ ಎರಡು ವಿಷಯ ಹೇಳಿ ಮುಗಿಸುತ್ತೇನೆ. 1838ರ ಮಾರ್ಚ್‌ನಲ್ಲಿ ಡ್ಯಾನ್ಯೂಬ್ ನದಿಯ ಐಸ್, ಹಂಗೇರಿಯ ಪೆಸ್ಟ್ ನಗರದ ಕೆಳಗಿನ ಚೆಪೆಲ್ ನಡುಗಡ್ಡೆಯ ಹತ್ತಿರ ಕಟ್ಟಿಕೊಂಡಿತು. ನೀರು ನಗರಕ್ಕೆ ತಿರುಗಿತು. ಅರ್ಧಕ್ಕಿಂತ ಜಾಸ್ತಿ ಮನೆಗಳು ಬಿದ್ದವು, ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಬಿದ್ದವುಗಳಲ್ಲಿ ಬಹಳಷ್ಟು ನಮ್ಮ ಹಳ್ಳಿಗಳಲ್ಲಿ ಇದ್ದಂಥ ಹಸಿ ಇಟ್ಟಿಗೆಯ ಮನೆಗಳು. ನೀರು ನೆನೆದರೆ ಆ ಗೋಡೆ ಹೇಗೆ ಕೂರುತ್ತದೆ ಅಂತ ನಮಗೆ ಗೊತ್ತಲ್ಲ.

ಇನ್ನೊಂದು ವಿಸ್ತುಲಾ. 1840ರ ಫೆಬ್ರವರಿಯಲ್ಲಿ ಗ್ಡಾನ್ಸ್ಕ್ ನಗರದ ಬಳಿ ಐಸ್ ಕಟ್ಟಿಕೊಂಡಾಗ ನದಿ ಮರಳ ದಿಬ್ಬವನ್ನೇ ಒಡೆದು ಸಮುದ್ರಕ್ಕೆ ಹೊಸ ಬಾಯಿ ಮಾಡಿಕೊಂಡಿತು. ಅರ್ಧ ಶತಮಾನ ಕಳೆದ ಮೇಲೆ ಜನರೇ ಸುಮಾರು ಏಳು ಕಿಲೋಮೀಟರ್ ನೇರ ಕಾಲುವೆ ತೋಡಿ, 1895ರಲ್ಲಿ ನದಿಯನ್ನು ಅದರಲ್ಲಿ ಸಮುದ್ರಕ್ಕೆ ಬಿಟ್ಟರು. ಐಸಿಗೆ ನೆಟ್ಟಗೆ ದಾರಿ ಸಿಗಲಿ ಅಂತ. ಇಂದು ಐಸ್‌ಬ್ರೇಕರ್‌ಗಳು ವಿಸ್ತುಲಾದಲ್ಲಿ ಕೆಲಸ ಶುರು ಮಾಡೋದು ಆ ಬಾಯಿಯಿಂದಲೇ.

ಚಿಂತಾಮಣಿ ಹುಡುಗ:

ಸರ್, ಚೆನ್ನಾಗಿ ಅರ್ಥ ಆಯ್ತು. ಎರಡು ಅನುಮಾನ ಇದೆ. ರಷ್ಯಾದಲ್ಲಿ ವಿಮಾನದಿಂದ ಬಾಂಬ್ ಹಾಕಿ ಐಸ್ ಒಡೀತಾರೆ ಅಂತ ಕೇಳಿದ್ದೆ. ಹಡಗು, ಡೀಸೆಲ್, ಇಷ್ಟು ಜನ ಎಲ್ಲ ಯಾಕೆ? ಒಂದು ಬಾಂಬ್ ಸಾಕಲ್ವಾ? ಇನ್ನೊಂದು, ಭೂಮಿ ಬಿಸಿ ಆಗ್ತಿದೆ ಅಂತಾರೆ. ಇನ್ನು ಐಸೇ ಕಡಿಮೆ ಆಗುತ್ತಲ್ಲ. ಆ ಹಡಗುಗಳಿಗೆ ಮುಂದೆ ಕೆಲಸ ಇರುತ್ತಾ?

ಮಧುಗಿರಿ ಇಂಜಿನಿಯರ್:

ಬಾಂಬ್ ಹಾಕಿದ್ದು ನಿಜ. 2001ರ ಮೇ ತಿಂಗಳಲ್ಲಿ ಲೆನಾ ನದಿಯ ಜಾಮ್‌ಗೆ ರಷ್ಯಾದ ವಾಯುಪಡೆ ಬಾಂಬ್ ಹಾಕಿತು. ಆದರೂ ಲೆನ್ಸ್ಕ್ ಊರು ಮುಳುಗಿತು. ಬಹುಪಾಲು ಊರನ್ನು ಮತ್ತೆ ಕಟ್ಟಬೇಕಾಯಿತು. ಚೀನಾದ ಹಳದಿ ನದಿಯಲ್ಲೂ ಬಾಂಬ್ ಬಳಸಿದ್ದಾರೆ. ಕಿಲೋಮೀಟರ್‌ಗಟ್ಟಲೆ ಕಟ್ಟಿಕೊಂಡ ಐಸಿನಲ್ಲಿ ಬಾಂಬ್ ಒಂದು ತೂತು ಮಾಡುತ್ತದೆ ಅಷ್ಟೇ. ಆ ತುಂಡುಗಳನ್ನು ಕೆಳಗೆ ಸಾಗಿಸೋರು ಯಾರು? ಕೈ ಮೀರಿದ ಮೇಲಿನ ಕೊನೆಯ ಪ್ರಯತ್ನ ಅದು.

ಸಿಡಿಮದ್ದನ್ನು ಕ್ರಮವಾಗಿ ಬಳಸೋದು ನೋಡಬೇಕಾದರೆ ಕೆನಡಾದ ರಾಜಧಾನಿ ಒಟ್ಟಾವಾ ನೋಡಿ. ಅಲ್ಲಿನ ರಿಡೋ ನದಿಯಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಪ್ರತಿ ವರ್ಷ ಚಳಿಗಾಲದ ಕೊನೆಯಲ್ಲಿ ಐಸ್ ಒಡೆಯುತ್ತಾರೆ. ನದಿ ದೊಡ್ಡ ನದಿಗೆ ಬೀಳುವ ಜಾಗದಲ್ಲಿ ಒಂದು ಜಲಪಾತ ಇದೆ. ಶುರು ಅಲ್ಲಿಂದಲೇ. ಐಸಿನಲ್ಲಿ ಗರಗಸದಿಂದ ಸೀಳು ಹಾಕಿ, ಮದ್ದಿಟ್ಟು, ಒಡೆದದ್ದನ್ನು ಜಲಪಾತಕ್ಕೆ ತಳ್ಳುತ್ತಾ ಮೇಲಕ್ಕೆ ಹೋಗುತ್ತಾರೆ. ಲೆನಾ ಹರಿಯುವ ಸೈಬೀರಿಯಾದ ಯಾಕುಟಿಯಾದಲ್ಲೂ ಈಗ ಮುಂಚೆಯೇ ಐಸನ್ನು ಗರಗಸದಿಂದ ಕೊಯ್ಯುತ್ತಾರೆ. ಕಪ್ಪು ಪುಡಿ ಎರಚುತ್ತಾರೆ. ಬಿಳಿ ಐಸ್ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕಪ್ಪು ಬಿದ್ದ ಕಡೆ ಬಿಸಿಲು ಹಿಡಿದು ಬೇಗ ಮೆತ್ತಗಾಗುತ್ತದೆ.

ಬಿಸಿಯ ಬಗ್ಗೆ ನೀನು ಕೇಳಿದ್ದು ತೂಕದ ಪ್ರಶ್ನೆ. ಯುರೋಪಿನ ಕೆಲವು ನದಿಗಳಲ್ಲಿ ಐಸ್ ಕಡಿಮೆ ಆಗಿದೆ. ರೈನ್ ನದಿ ಕೊನೆಯ ಸಲ ದೊಡ್ಡದಾಗಿ ಹೆಪ್ಪುಗಟ್ಟಿದ್ದು 1963ರಲ್ಲಿ. ಆದರೆ ಐಸ್ ಕಡಿಮೆ ಆದಷ್ಟೇ ಸಲೀಸಾಗಿ ಅಪಾಯ ಕಡಿಮೆ ಆಗಲ್ಲ. ನಡು ಚಳಿಗಾಲದಲ್ಲೇ ನಾಲ್ಕು ದಿನ ಸೆಕೆ ಬಂದು, ಮಳೆ ಬಿದ್ದು, ಗಟ್ಟಿ ಐಸ್ ಮುರಿದರೆ ಅದು ಇನ್ನೂ ಕೆಟ್ಟದ್ದು. ಮತ್ತೆ ಚಳಿ ಬಿದ್ದಾಗ ಆ ಜಾಮ್ ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತದೆ. ತೀರಾ ಹಳೇ ಮಾತೂ ಅಲ್ಲ ಇದು. 2020ರ ಏಪ್ರಿಲ್‌ನಲ್ಲಿ ಕೆನಡಾದ ಫೋರ್ಟ್ ಮೆಕ್‌ಮರ್ರಿ ಊರಿನಲ್ಲಿ ಐಸ್ ಜಾಮ್‌ನಿಂದ ನೀರು ನುಗ್ಗಿ ಸುಮಾರು 13,000 ಜನ ಮನೆ ಬಿಡಬೇಕಾಯಿತು. ಅದೂ ಕೊರೋನಾ ಲಾಕ್‌ಡೌನ್ ಕಾಲದಲ್ಲಿ.

2017ರ ಚಳಿಗಾಲದಲ್ಲಿ ಡ್ಯಾನ್ಯೂಬ್ ಮತ್ತೆ ಗಟ್ಟಿಯಾಯಿತು. ಆಗ ಹಂಗೇರಿಯ ಐಸ್‌ಬ್ರೇಕರ್‌ಗಳು ಗಡಿ ದಾಟಿ ಸೆರ್ಬಿಯಾಕ್ಕೂ ಹೋಗಿ ಐಸ್ ಒಡೆದವು. ಸೆರ್ಬಿಯಾ ಕೆಳಗಿನ ದೇಶ. ಅಲ್ಲಿ ದಾರಿ ಬಿಡದಿದ್ದರೆ ಹಂಗೇರಿಗೇ ಆಪತ್ತು. ಆ ಹಡಗುಗಳು ಎಷ್ಟೋ ವರ್ಷ ಸುಮ್ನೆ ನಿಂತಿರುತ್ತವೆ, ಎಣ್ಣೆ ಹಾಕಿ, ಬಣ್ಣ ಬಳಿದು ಇಟ್ಟಿರುತ್ತಾರೆ. ಅದನ್ನು ದಂಡ ಖರ್ಚು ಅಂತ ನಾನು ಒಪ್ಪಲ್ಲ. ಹತ್ತು ವರ್ಷ ಮಳೆ ಇಲ್ಲ ಅಂತ ಕೋಡಿಗೆ ಅಡ್ಡ ಮನೆ ಕಟ್ಟಿಕೊಂಡ ಊರುಗಳನ್ನು ನಾನು ಬಲ್ಲೆ. ಹನ್ನೊಂದನೇ ವರ್ಷ ನೀರು ಬಂದೇ ಬರುತ್ತದೆ.

ಗೌರಿಬಿದನೂರು ಟೀಚರ್:

ತುಂಬಾ ತುಂಬಾ ಧನ್ಯವಾದ. ನಿಮ್ಮ ಉತ್ತರವನ್ನು ಕ್ಲಾಸಿನಲ್ಲಿ ಓದಿ ಹೇಳಿದೆ. 64 ಟನ್ ಲೆಕ್ಕ ಮಾಡಿಸಿದಾಗ ಹಿಂದಿನ ಬೆಂಚಿನವರೂ ಎದ್ದು ಕೂತರು. ಪ್ರಶ್ನೆ ಕೇಳಿದ ಹುಡುಗಿ ಕೇಳೋದು, ಇದನ್ನು ನಾವೇ ಮಾಡಿ ನೋಡಬಹುದಾ ಅಂತ. ವಿಜ್ಞಾನದ ಮೇಷ್ಟ್ರು ನಾಲ್ಕು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕಾಲುವೆ ಮಾಡೋಣ, ಥರ್ಮಕೋಲ್ ತುಂಡು ತೇಲಿಬಿಡೋಣ ಅಂತಿದ್ದಾರೆ. ಸರಿ ಹೋಗುತ್ತಾ?

ಬಂಗಾರಪೇಟೆ ಸೈಲರ್:

ಥರ್ಮಕೋಲ್ ಬೇಡ ಮೇಡಂ. ಅದು ನೀರಿನ ಮೇಲೆ ಪೂರ್ತಿ ಎದ್ದು ತೇಲುತ್ತದೆ. ಐಸ್ ಹತ್ತರಲ್ಲಿ ಒಂಬತ್ತು ಪಾಲು ಮುಳುಗಿ ತೇಲೋದು. ಅಡಿಗೆ ನುಗ್ಗೋ ಗುಣ ಥರ್ಮಕೋಲಿಗೆ ಬರಲ್ಲ.

ಮಧುಗಿರಿ ಇಂಜಿನಿಯರ್:

ಸೈಲರ್ ಹೇಳಿದ್ದು ಸರಿ. ಮೇಣದಬತ್ತಿಯ ಮೇಣ ತೆಗೆದುಕೊಳ್ಳಿ. ನೀರಿಗೆ ಹೋಲಿಸಿದರೆ ಅದರ ಸಾಂದ್ರತೆ ಸುಮಾರು 0.9, ಐಸಿಗೆ ಬಹಳ ಹತ್ತಿರ. ಲ್ಯಾಬಿನಲ್ಲಿ ಇದನ್ನು ಅಧ್ಯಯನ ಮಾಡುವವರೂ ಐಸಿನ ಬದಲು ಅಷ್ಟೇ ಸಾಂದ್ರತೆಯ ಪ್ಲಾಸ್ಟಿಕ್ ತುಂಡು ಬಳಸುತ್ತಾರೆ. ಮೇಣ ಕರಗಿಸೋ ಕೆಲಸ ಮೇಷ್ಟ್ರೇ ಮಾಡಲಿ, ನೇರ ಬೆಂಕಿಗೆ ಬೇಡ, ಬಿಸಿ ನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಲಿ. ಅಗಲ ತಟ್ಟೆಗೆ ತೆಳ್ಳಗೆ ಸುರಿದು ಆರಿಸಿದರೆ ಹಲಗೆ ಸಿಗುತ್ತದೆ.

ಕಾಲುವೆಯ ಮೇಲಿನ ತುದಿಗೆ ಒಂದು ಇಟ್ಟಿಗೆಯ ಚೂರು ಕೊಟ್ಟು ಸ್ವಲ್ಪವೇ ಇಳಿಜಾರು ಮಾಡಿ. ಕೆಳಗಿನ ಅರ್ಧಕ್ಕೆ ಮೇಣದ ಹಲಗೆಯನ್ನು ಇಡಿಯಾಗಿ ಮುಚ್ಚಿ. ಮೇಲಿನ ಅರ್ಧದಲ್ಲಿ ಮುರಿದ ತುಂಡು ಬಿಡಿ. ಮೇಲಿಂದ ಒಂದೇ ಸಮನೆ ನೀರು ಸುರಿಯಬೇಕು. ನಲ್ಲಿಗೆ ಪೈಪ್ ಸಿಕ್ಕಿಸಿದರೆ ಒಳ್ಳೇದು, ಮಗ್ಗಿನಲ್ಲಿ ಸುರಿದರೆ ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಆಗಿ ಹೋಲಿಸೋಕೆ ಆಗಲ್ಲ. ನೀರು ಎಲ್ಲಿವರೆಗೆ ಏರಿತು ಅಂತ ಪಕ್ಕದಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಹಾಕಿಸಿ. ಆಮೇಲೆ ಅದೇ ನಲ್ಲಿ, ಅಷ್ಟೇ ನೀರು, ಆದರೆ ಈ ಸಲ ಕೆಳಗಿನ ಹಲಗೆಯನ್ನು ತುದಿಯಿಂದ ಮುರಿದು ತೆಗೆಯುತ್ತಾ ಬನ್ನಿ. ಎರಡು ಗೆರೆಗಳ ನಡುವಿನ ಅಂತರವನ್ನು ಮಕ್ಕಳೇ ಸ್ಕೇಲ್ ಇಟ್ಟು ಅಳೆಯಲಿ.

ಪೈಪ್ ಮಾತ್ರ ನಾಲ್ಕು ಇಂಚಿನದು ಬೇಡ. ಕಾಲುವೆ ಅಷ್ಟು ಕಿರಿದಾದರೆ ನೀವು ಯಾವ ತುದಿಯಿಂದ ಒಡೆದರೂ ಎರಡೇ ತುಂಡು ಅಡ್ಡ ಸಿಕ್ಕಿಕೊಂಡು ಕಮಾನು ಕಟ್ಟಿಬಿಡುತ್ತವೆ. ವ್ಯತ್ಯಾಸವೇ ಕಾಣಲ್ಲ. ಆರು ಇಂಚು ಅಥವಾ ಅದಕ್ಕಿಂತ ಅಗಲದ್ದು ತನ್ನಿ, ತುಂಡುಗಳನ್ನು ಒಂದು ಇಂಚಿಗಿಂತ ಚಿಕ್ಕದಾಗಿ ಮಾಡಿಸಿ. ಬೋರ್‌ವೆಲ್ ಕೇಸಿಂಗ್ ಹಾಕುವವರ ಹತ್ತಿರ ಕತ್ತರಿಸಿ ಉಳಿದ ಪೈಪ್ ತುಂಡುಗಳು ಬಿದ್ದಿರುತ್ತವೆ. ಒಂದು ಸಲ ಕೇಳಿ ನೋಡಿ, ಸ್ಕೂಲಿಗೆ ಅಂದರೆ ಹಾಗೇ ಕೊಡುತ್ತಾರೆ.